ದ್ವಾರದಲ್ಲಿ ಕಾಸು ಕೇಳದ ಹಬ್ಬ

ಇಗರ್ಜಿಯ ವಾರ್ಷಿಕ ಹಬ್ಬದ ದಿನ ನಮ್ಮ ಊರುಗಳಲ್ಲಿ ಯಾರೂ ಬಾಗಿಲಲ್ಲಿ ನಿಂತು ಚೀಟಿ ಹರಿಯುವುದಿಲ್ಲ. ಬಲಿಪೂಜೆ ಮುಗಿದ ಬಳಿಕ ಅಂಗಳದಲ್ಲಿ ಕಬ್ಬು, ಮಿಠಾಯಿ, ಜಪಮಾಲೆ, ಮೇಣದ ಬತ್ತಿಗಳ ಅಂಗಡಿಗಳ ನಡುವೆ ಎಲ್ಲ ಮತದ ನೆರೆಹೊರೆಯವರೂ ನಿಸ್ಸಂಕೋಚವಾಗಿ ಓಡಾಡುತ್ತಾರೆ. ಬ್ಯಾಂಡಿನವರ ಹಿಂದೆ ಮಕ್ಕಳು ಓಡುತ್ತಾರೆ. ಇದರಲ್ಲಿ ವಿಶೇಷವೇನಿದೆ ಎಂದು ನಾವು ಕೇಳಿಕೊಂಡವರೇ ಅಲ್ಲ. ಆದರೆ ಪ್ರವೇಶ ಉಚಿತವೆಂದರೆ ಅದರ ಬೆಲೆಯನ್ನು ಬೇರೆ ಯಾರೋ ತೆತ್ತಿದ್ದಾರೆ ಎಂದೇ ಅರ್ಥ. ನಾವು ಮರೆತುಬಿಡುವ ಈ ಮಾತನ್ನು ಕಡಲಾಚೆಯ ಒಂದು ಕೇರಿಯ ಹಬ್ಬವು ಚೆನ್ನಾಗಿ ನೆನಪಿಸುತ್ತದೆ.

ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪಿ ನದಿಯು ಕಡಲನ್ನು ಸೇರುವುದಕ್ಕೆ ಮುನ್ನ ಬಾಗಿ ಹರಿಯುವ ಕಡೆ, ನ್ಯೂ ಆರ್ಲಿಯನ್ಸ್ ನಗರವಿದೆ. ಅದರ ಹಳೆಯ ಫ್ರೆಂಚ್ ಪೇಟೆಗೆ ಹೊಂದಿಕೊಂಡಂತೆ ಇರುವ ಕೇರಿಯ ಹೆಸರು ಟ್ರೆಮೆ. ಅಮೆರಿಕದ ಕರಿಯ ಜನರ ಅತ್ಯಂತ ಪುರಾತನ ವಸತಿಗಳಲ್ಲಿ ಇದೂ ಒಂದು. ಈ ಕೇರಿಯಲ್ಲಿರುವ ಲೂಯಿ ಆರ್ಮ್‌ಸ್ಟ್ರಾಂಗ್ ಉದ್ಯಾನದಲ್ಲಿ ಟ್ರೆಮೆ ಕ್ರಿಯೋಲ್ ಗುಂಬೊ ಹಬ್ಬವು 2008ರಲ್ಲಿ ಆರಂಭವಾಯಿತು. 2018ರ ನವೆಂಬರ್ ತಿಂಗಳಲ್ಲಿ ಅದರ 11ನೆಯ ಆವೃತ್ತಿ ನಡೆಯಿತು. ಗುಂಬೊ ಎಂಬುದು ಅಲ್ಲಿಯ ಪ್ರಸಿದ್ಧ ಸಾರು. ಹಲವು ಅಡುಗೆಯವರು ತಂತಮ್ಮ ಮನೆಯ ರೀತಿಯಲ್ಲಿ ಅದನ್ನು ಬೇಯಿಸಿ ತಂದರು. ಹಿತ್ತಾಳೆ ವಾದ್ಯಗಳ ಬ್ಯಾಂಡುಗಳು ನುಡಿಸಿದವು. ಸ್ಥಳೀಯ ಕುಶಲಕರ್ಮಿಗಳು ತಮ್ಮ ಕೈಕೆಲಸಗಳನ್ನು ಮಾರಾಟಕ್ಕೆ ಹರಡಿದರು. ಬಟ್ಟಲು ಗುಂಬೊ ಬೇಕಾದವರು ಹಣ ಕೊಟ್ಟು ಕೊಳ್ಳಬೇಕಾಗಿತ್ತು. ಆದರೆ ಒಳಗೆ ಬರುವುದಕ್ಕೆ, ಮರದ ಕೆಳಗೆ ಕುಳಿತು ಸಂಗೀತ ಕೇಳುವುದಕ್ಕೆ ಕಾಸು ಕೊಡಬೇಕಾಗಿರಲಿಲ್ಲ.

ಹಾಗಾದರೆ ವಾದ್ಯಗಾರರಿಗೆ ಸಂಬಳ ಕೊಡುವವರು ಯಾರು? ಈ ಹಬ್ಬವನ್ನು ನಡೆಸಿದ್ದು ನ್ಯೂ ಆರ್ಲಿಯನ್ಸ್ ಜಾಝ್ ಅಂಡ್ ಹೆರಿಟೇಜ್ ಫೌಂಡೇಶನ್ ಎಂಬ ಸಂಸ್ಥೆ. 1970ರಲ್ಲಿ ಆರಂಭವಾದ ನಗರದ ಮಹಾ ಜಾಝ್ ಉತ್ಸವವೂ ಇದೇ ಸಂಸ್ಥೆಯದು. ಆ ಉತ್ಸವಕ್ಕೆ ದೇಶವಿದೇಶಗಳ ಜನರು ಟಿಕೆಟ್ ಕೊಂಡು ಬರುತ್ತಾರೆ. ಅಲ್ಲಿ ಕೂಡಿದ ಹಣದಿಂದ ಸಂಸ್ಥೆಯು ಮಕ್ಕಳ ಸಂಗೀತ ಶಿಕ್ಷಣವನ್ನೂ ಇಂತಹ ಉಚಿತ ಹಬ್ಬಗಳನ್ನೂ ನಡೆಸುತ್ತದೆ. ಒಂದು ಬಾಗಿಲಲ್ಲಿ ಪಡೆದ ಹಣ ಇನ್ನೊಂದು ಬಾಗಿಲನ್ನು ತೆರೆದಿಡುತ್ತದೆ. ಟ್ರೆಮೆಯವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಅವರ ಪೂರ್ವಜರು ಇದನ್ನು ತಮ್ಮ ಇಗರ್ಜಿಯೊಳಗೇ ಮಾಡಿ ತೋರಿಸಿದ್ದರು. ಆ ಕಥೆಗೆ ಬರುವ ಮುನ್ನ ಹಬ್ಬದ ಹೆಸರಿನಲ್ಲಿರುವ ಎರಡು ಮಾತುಗಳನ್ನು ತಿಳಿದುಕೊಳ್ಳುವುದು ಲೇಸು.

ಹೆಸರಿನ ಮೂಲ

'ಕ್ರಿಯೋಲ್' ಎಂಬ ಶಬ್ದವು ಪೋರ್ಚುಗೀಸರ 'ಕ್ರಿಯೋಲು' ಎಂಬುದರಿಂದ ಬಂದುದು. ಸಾಕು, ಬೆಳೆಸು ಎಂಬುದು ಅದರ ಧಾತುವಿನ ಅರ್ಥ. ಹೊರಗಿನಿಂದ ಬಂದವರ ಸಂತಾನವಾಗಿದ್ದು, ಹೊಸ ನೆಲದಲ್ಲಿಯೇ ಹುಟ್ಟಿ ಬೆಳೆದವರನ್ನು ಈ ಹೆಸರಿನಿಂದ ಕರೆಯುತ್ತಿದ್ದರು. 1718ರಲ್ಲಿ ಫ್ರೆಂಚರು ಸ್ಥಾಪಿಸಿದ ನ್ಯೂ ಆರ್ಲಿಯನ್ಸ್ ಮುಂದೆ ಸ್ಪೇನಿನವರ ಆಳ್ವಿಕೆಗೆ ಒಳಪಟ್ಟು, 1803ರಲ್ಲಿ ಅಮೆರಿಕದ ಪಾಲಾಯಿತು. ಅಷ್ಟರಲ್ಲಿ ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ರಕ್ತಗಳೂ ನುಡಿಗಳೂ ಅಲ್ಲಿ ಬೆರೆತುಹೋಗಿದ್ದವು. ಫ್ರೆಂಚ್ ಮಾತನಾಡುವ, ಕಥೋಲಿಕ ಮತಸ್ಥರಾದ ಕರಿಯ ಹಾಗೂ ಮಿಶ್ರ ವರ್ಣದ ಜನರು ಆ ನಗರದ ಕ್ರಿಯೋಲರಲ್ಲಿ ಪ್ರಮುಖರಾದರು.

ಈ ಶಬ್ದ ನಮ್ಮ ಕರಾವಳಿಗೂ ಅಪರಿಚಿತವೇನಲ್ಲ. ಪೋರ್ಚುಗೀಸರ ಸಂಪರ್ಕದಿಂದ ಭಾರತದ ಪಶ್ಚಿಮ ತೀರದಲ್ಲಿ ಹಲವು ಕ್ರಿಯೋಲ್ ನುಡಿಗಳು ಹುಟ್ಟಿಕೊಂಡವು. ಹ್ಯೂಗೊ ಶುಕಾರ್ಟ್ ಎಂಬ ಭಾಷಾಶಾಸ್ತ್ರಜ್ಞನು ಮಂಗಳೂರಿನ ಇಂತಹ ಮಿಶ್ರ ಪೋರ್ಚುಗೀಸನ್ನು ಕುರಿತು 1883ರಲ್ಲಿ ಪ್ರಬಂಧವನ್ನೇ ಬರೆದನು. ಆ ನುಡಿ ಮಂಗಳೂರಿನಲ್ಲಿ ಉಳಿಯಲಿಲ್ಲ. ಆದರೆ 'ಇಗರ್ಜಿ' ಎಂಬ ಮಾತನ್ನು ನಾವು ಇಂದಿಗೂ ಬಿಟ್ಟಿಲ್ಲ.

ಒಂದು ಬಟ್ಟಲಿನಲ್ಲಿ ಮೂರು ಖಂಡಗಳು

'ಗುಂಬೊ' ಎಂಬುದು ಮೂಲತಃ ಬೆಂಡೆಕಾಯಿಯ ಹೆಸರು. ಗುಲಾಮರಾಗಿ ಹಡಗಿನಲ್ಲಿ ಬಂದ ಆಫ್ರಿಕದ ಜನರ ಬಾಂಟು ನುಡಿಗಳಿಂದ ಅದು ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ನಾವು ಹುಳಿಗೆ ಹಾಕುವ ಅದೇ ಬೆಂಡೆ ಅಲ್ಲಿ ಸಾರನ್ನು ಮಂದಗೊಳಿಸುತ್ತದೆ. ಬೆಂಡೆ ಸಿಗದ ಕಾಲದಲ್ಲಿ ಸಾಸಫ್ರಾಸ್ ಮರದ ಒಣ ಎಲೆಯ ಪುಡಿಯನ್ನು ಬಳಸುತ್ತಾರೆ. ಆ ನೆಲದ ಮೂಲನಿವಾಸಿಗಳಾದ ಚೋಕ್ಟಾ ಜನರು ಕಲಿಸಿದ ವಿದ್ಯೆ ಅದು. ಹಿಟ್ಟನ್ನು ಜಿಡ್ಡಿನಲ್ಲಿ ಕಂದು ಬಣ್ಣ ಬರುವವರೆಗೆ ತಾಳ್ಮೆಯಿಂದ ಹುರಿಯುವ ಕ್ರಮ ಫ್ರೆಂಚರದು. ಏಡಿ, ಸಿಗಡಿ, ಕೋಳಿ, ಹೊಗೆಯಾಡಿಸಿದ ಸಾಸೇಜು ಮುಂತಾದುವನ್ನು ಅವರವರ ಶಕ್ತಿಗೆ ತಕ್ಕಂತೆ ಸೇರಿಸಿ, ಕೊನೆಗೆ ಅನ್ನದ ಮೇಲೆ ಸುರಿಯುತ್ತಾರೆ. ಒಗ್ಗರಣೆಗೆ ಬೀಳುವ ಈರುಳ್ಳಿ, ದೊಣ್ಣೆಮೆಣಸು, ಸೆಲರಿ ದಂಟು ಈ ಮೂರನ್ನು ಅಲ್ಲಿಯ ಅಡುಗೆಯವರು 'ಪವಿತ್ರ ತ್ರಿತ್ವ' ಎಂದು ಕರೆಯುತ್ತಾರೆ. ಬೆಳ್ಳುಳ್ಳಿ ಸೇರಿದರೆ ಅದು 'ಪೋಪ್'! ಅಡುಗೆಮನೆಗೂ ಧರ್ಮೋಪದೇಶ ಹೊಕ್ಕ ಬಗೆಯಿದು.

ಧರ್ಮಸಭೆಯ ಪಂಚಾಂಗವೂ ಅಲ್ಲಿಯ ಒಲೆಯ ಮೇಲಿದೆ. ಪವಿತ್ರ ಗುರುವಾರದಂದು ಕ್ರಿಯೋಲ್ ಮನೆಗಳಲ್ಲಿ ಬಗೆಬಗೆಯ ಸೊಪ್ಪುಗಳನ್ನು ಬೇಯಿಸಿ ಹಸಿರು ಗುಂಬೊ ಮಾಡುವ ವಾಡಿಕೆಯಿದೆ. ಸಾಸಿವೆ ಸೊಪ್ಪು, ಎಲೆಕೋಸು, ಪಾಲಕ್, ಬೀಟ್‌ರೂಟಿನ ಎಲೆ, ಕ್ಯಾರೆಟ್ಟಿನ ಎಲೆ ಹೀಗೆ ಹಲವು ಸೊಪ್ಪುಗಳು ಅದಕ್ಕೆ ಬೇಕು. ಆದರೆ ಅವುಗಳ ಸಂಖ್ಯೆ ಬೆಸವಾಗಿರಬೇಕು, ಸಾಮಾನ್ಯವಾಗಿ ಒಂಬತ್ತು. ಮರುದಿನದ ಶುಭ ಶುಕ್ರವಾರದ ಉಪವಾಸಕ್ಕೆ ಮುನ್ನ ಮಾಂಸವನ್ನೂ ಸೇರಿಸಿ ಉಣ್ಣುವ ತುಂಬಿದ ಊಟ ಅದು. ಮೊಂತಿ ಹಬ್ಬದಂದು ಬೆಸ ಸಂಖ್ಯೆಯ ತರಕಾರಿಗಳನ್ನೇ ಎಣಿಸಿ ಅಡುಗೆ ಮಾಡುವ ನಮ್ಮ ಕರಾವಳಿಯ ತಾಯಂದಿರಿಗೆ ಈ ಎಣಿಕೆ ವಿಚಿತ್ರವೆನಿಸಲಾರದು.

ಈ ಹಸಿರು ಗುಂಬೊವನ್ನು ಜಗತ್ತಿಗೆ ಪರಿಚಯಿಸಿದವರು ಲೀಯಾ ಚೇಸ್ ಎಂಬ ಮಹಾತಾಯಿ. 1923ರಲ್ಲಿ ಹುಟ್ಟಿದ ಅವರು ಕರಿಯ ಧರ್ಮಭಗಿನಿಯರು ನಡೆಸುತ್ತಿದ್ದ ಸೇಂಟ್ ಮೇರೀಸ್ ಶಾಲೆಯಲ್ಲಿ ಓದಿದರು. ಟ್ರೆಮೆಯಲ್ಲಿ 1941ರಿಂದ ನಡೆದುಬಂದಿರುವ ಡೂಕಿ ಚೇಸ್ ಭೋಜನಶಾಲೆಯ ಮನೆತನಕ್ಕೆ ಸೊಸೆಯಾಗಿ ಬಂದು, 2019ರಲ್ಲಿ ತೀರಿಕೊಳ್ಳುವ ತನಕ ಆ ಒಲೆಯನ್ನು ಆರಗೊಡಲಿಲ್ಲ. ಕರಿಯರೂ ಬಿಳಿಯರೂ ಒಂದೇ ಮೇಜಿನಲ್ಲಿ ಉಣ್ಣುವುದನ್ನು ಕಾನೂನು ನಿಷೇಧಿಸಿದ್ದ ದಿನಗಳಲ್ಲಿ, ನಾಗರಿಕ ಹಕ್ಕುಗಳ ಹೋರಾಟಗಾರರು ವರ್ಣಭೇದವಿಲ್ಲದೆ ಆ ಭೋಜನಶಾಲೆಯ ಮಹಡಿಯಲ್ಲಿ ಸೇರಿ ಗುಂಬೊ ಉಣ್ಣುತ್ತ ಸಮಾಲೋಚನೆ ನಡೆಸಿದರು. ಬಾಗಿಲು ತೆರೆದಿಟ್ಟವರ ಸಾಲಿನಲ್ಲಿ ಆ ತಾಯಿಯ ಹೆಸರನ್ನೂ ನಾವು ಬರೆದುಕೊಳ್ಳಬೇಕು.

ಭಾನುವಾರದ ಚೌಕ

ಗುಂಬೊ ಹಬ್ಬ ನಡೆದ ಉದ್ಯಾನದ ಒಂದು ಭಾಗವೇ ಕಾಂಗೋ ಚೌಕ. ಫ್ರೆಂಚರು 1724ರಲ್ಲಿ ಲೂಯಿಸಿಯಾನದಲ್ಲಿ ಜಾರಿಗೆ ತಂದ 'ಕರಿಯರ ಸಂಹಿತೆ'ಯು ಗುಲಾಮರಿಗೆ ಕಥೋಲಿಕ ಸ್ನಾನದೀಕ್ಷೆ ಕೊಡಿಸಬೇಕೆಂದೂ ಭಾನುವಾರ ಅವರಿಂದ ದುಡಿಸಬಾರದೆಂದೂ ವಿಧಿಸಿತ್ತು. ದೀಕ್ಷೆ ಕೊಟ್ಟ ಕೈಗಳು ಸಂಕೋಲೆಯನ್ನು ಮಾತ್ರ ಬಿಚ್ಚಲಿಲ್ಲ ಎಂಬುದನ್ನು ನಾವು ಮರೆಮಾಚಲಾಗದು. ಆದರೂ ವಾರಕ್ಕೊಂದು ದಿನ ದೊರೆತ ಆ ಬಿಡುವಿನಲ್ಲಿ ಗುಲಾಮರು ಬಯಲಿನಲ್ಲಿ ಸೇರಿ, ತಮ್ಮ ನಾಡಿನ ಡೋಲು ಬಾರಿಸಿ, ಕುಣಿದು, ತಾವು ಬೆಳೆದುದನ್ನೂ ಬೇಯಿಸಿದುದನ್ನೂ ಮಾರುತ್ತಿದ್ದರು. 1817ರಲ್ಲಿ ನಗರಾಡಳಿತವು ಇಂತಹ ಕೂಟಗಳನ್ನು ಒಂದೇ ಸ್ಥಳಕ್ಕೆ ಸೀಮಿತಗೊಳಿಸಿತು. ಆ ಸ್ಥಳವೇ ಈ ಚೌಕ. ಅನ್ನವನ್ನು ರುಬ್ಬಿ ಎಣ್ಣೆಯಲ್ಲಿ ಕರಿದ 'ಕಾಲಾ' ಎಂಬ ಸಿಹಿತಿಂಡಿಯನ್ನು ಬೀದಿಯಲ್ಲಿ ಮಾರಿದ ಹೆಂಗಸರ ಕಥೆಗಳೂ ಉಂಟು. ಸ್ಪೇನಿನ ಆಡಳಿತದಲ್ಲಿ ಗುಲಾಮರು ತಮ್ಮ ಬೆಲೆಯನ್ನು ತಾವೇ ಕಟ್ಟಿ ಬಿಡುಗಡೆ ಪಡೆಯಲು ಅವಕಾಶವಿತ್ತು. ಹೀಗೆ ತಿಂಡಿ ಮಾರಿದ ಕಾಸನ್ನು ಕೂಡಿಟ್ಟು ಕೆಲವರು ಸ್ವತಂತ್ರರಾದರು.

ಈ ಚೌಕಕ್ಕೆ ನಗರವು ಕಾಂಗೋ ಚೌಕ ಎಂಬ ಹೆಸರನ್ನು ಅಧಿಕೃತವಾಗಿ ಮರಳಿ ಕೊಟ್ಟಿದ್ದು 2011ರಲ್ಲಿ. ಉದ್ಯಾನಕ್ಕೆ ಹೆಸರಾಗಿರುವ ಲೂಯಿ ಆರ್ಮ್‌ಸ್ಟ್ರಾಂಗ್ ಇದೇ ನಗರದ ಮಗ. ಜಾಝ್ ಸಂಗೀತದ ಈ ಮಹಾಪುರುಷನು ತಾನು ಹುಟ್ಟಿದ್ದು 1900ರ ಜುಲೈ 4ರಂದು ಎಂದೇ ಹೇಳಿಕೊಂಡು ಬಂದಿದ್ದನು. ಅವನ ನಿಧನದ ಬಳಿಕ ನಗರದ ಯೇಸುವಿನ ಪವಿತ್ರ ಹೃದಯದ ಇಗರ್ಜಿಯ ಸ್ನಾನದೀಕ್ಷೆಯ ದಾಖಲೆ ಪುಸ್ತಕವು ನಿಜ ತಾರೀಖನ್ನು ತಿಳಿಸಿತು. ಅದು 1901ರ ಆಗಸ್ಟ್ 4. ಬಡ ಬಾಲಕನೊಬ್ಬನ ಜನ್ಮವನ್ನು ಬೇರೆ ಯಾರೂ ಸರಿಯಾಗಿ ಬರೆದಿಡದಿದ್ದಾಗ ಇಗರ್ಜಿಯ ಪುಸ್ತಕ ಬರೆದಿಟ್ಟಿತ್ತು.

ಆಸನಗಳ ಪೈಪೋಟಿ

ಉದ್ಯಾನದಿಂದ ಸ್ವಲ್ಪವೇ ದೂರದಲ್ಲಿ ಸಂತ ಆಗಸ್ಟೀನರ ಇಗರ್ಜಿಯಿದೆ. ಟ್ರೆಮೆಯ ಸ್ವತಂತ್ರ ಕರಿಯರು ತಮಗೊಂದು ದೇವಾಲಯ ಬೇಕೆಂದು ಕೇಳಿಕೊಂಡಾಗ ಧರ್ಮಾಧ್ಯಕ್ಷ ಆಂಟ್ವಾನ್ ಬ್ಲಾಂಕ್ ಅವರು ಒಪ್ಪಿಗೆಯಿತ್ತರು. 1842ರ ಅಕ್ಟೋಬರ್ 9ರಂದು ಅದು ಪ್ರತಿಷ್ಠೆಯಾಯಿತು. ಆ ಕಾಲದಲ್ಲಿ ಇಗರ್ಜಿಯ ಆಸನಗಳಿಗೆ ಕುಟುಂಬಗಳು ಹಣ ತೆರಬೇಕಾಗಿತ್ತು. ಕರಿಯರು ಆಸನಗಳನ್ನು ಕೊಳ್ಳುತ್ತಿರುವ ಸುದ್ದಿ ತಿಳಿದು ಬಿಳಿಯರೂ ಪೈಪೋಟಿಗೆ ಇಳಿದರು. ಆ ಧರ್ಮಕೇಂದ್ರದ ಇತಿಹಾಸವು ಹೇಳುವಂತೆ, ಬಿಳಿಯರು ಒಂದು ಕೊಂಡರೆ ಸ್ವತಂತ್ರ ಕರಿಯರು ಮೂರು ಕೊಂಡರು. ಅಷ್ಟಕ್ಕೇ ನಿಲ್ಲದೆ, ಎರಡು ಪಕ್ಕದ ಸಾಲುಗಳ ಆಸನಗಳನ್ನೆಲ್ಲ ತಾವೇ ಕೊಂಡು, ಒಂದು ಕಾಸೂ ಇಲ್ಲದ ಗುಲಾಮರಿಗೆ ಬಿಟ್ಟುಕೊಟ್ಟರು. ಸ್ವತಂತ್ರರೂ ಗುಲಾಮರೂ ಬಿಳಿಯರೂ ಒಂದೇ ಸೂರಿನಡಿ ಒಂದೇ ಬಲಿಪೂಜೆಗೆ ಮೊಣಕಾಲೂರಿದರು. 1990ರಿಂದ 2006ರವರೆಗೆ ಅಲ್ಲಿ ಗುರುಗಳಾಗಿದ್ದ ಜೆರೋಮ್ ಲೆಡೂ ಅವರು ಈ ಪ್ರಸಂಗವನ್ನು 'ಆಸನಗಳ ಸಮರ' ಎಂಬ ಅರ್ಥದ ಹೆಸರಿನ ಗ್ರಂಥದಲ್ಲಿ ವಿವರಿಸಿದ್ದಾರೆ.

ಅದೇ 1842ರ ನವೆಂಬರಿನಲ್ಲಿ ಆ್ಯಂರಿಯೆಟ್ ಡೆಲೀಲ್ ಎಂಬ ಕ್ರಿಯೋಲ್ ಯುವತಿ ತನ್ನ ಸಂಗಾತಿಯೊಡನೆ ಅದೇ ಇಗರ್ಜಿಯಲ್ಲಿ ತನ್ನನ್ನು ದೇವರ ಸೇವೆಗೆ ಅರ್ಪಿಸಿಕೊಂಡಳು. ಹೀಗೆ ಹುಟ್ಟಿದ ಪವಿತ್ರ ಕುಟುಂಬದ ಭಗಿನಿಯರ ಸಭೆಯು ಗುಲಾಮರಿಗೆ ಧರ್ಮೋಪದೇಶ ಮಾಡಿತು. ಅನಾಥರನ್ನೂ ಆಸರೆಯಿಲ್ಲದ ವೃದ್ಧರನ್ನೂ ಸಾಕಿತು. ಲೀಯಾ ಚೇಸ್ ಓದಿದ ಶಾಲೆಯೂ ಇವರದೇ. 1862ರಲ್ಲಿ ತೀರಿಕೊಂಡ ಡೆಲೀಲ್ ಅವರ ವೀರಸದೃಶ ಸದ್ಗುಣಗಳನ್ನು ಮಾನ್ಯಮಾಡಿ 2010ರಲ್ಲಿ ಪೋಪ್ 16ನೆಯ ಬೆನೆಡಿಕ್ಟರು ಅವರನ್ನು ಪೂಜನೀಯರೆಂದು ಘೋಷಿಸಿದರು. ಇದೇ ಧರ್ಮಕೇಂದ್ರದ ಹೋಮರ್ ಪ್ಲೆಸ್ಸಿ ಎಂಬಾತನು 1892ರಲ್ಲಿ ಬಿಳಿಯರಿಗೆ ಮೀಸಲಾದ ರೈಲು ಡಬ್ಬಿಯಲ್ಲಿ ಬೇಕೆಂದೇ ಕುಳಿತು ಬಂಧನಕ್ಕೊಳಗಾದನು. 1896ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅವನ ವಿರುದ್ಧ ತೀರ್ಪಿತ್ತು ವರ್ಣಭೇದವನ್ನು ಎತ್ತಿಹಿಡಿಯಿತು. ಲೂಯಿಸಿಯಾನದ ರಾಜ್ಯಪಾಲರು ಅವನಿಗೆ ಮರಣೋತ್ತರ ಕ್ಷಮಾದಾನ ನೀಡಿದ್ದು 2022ರಲ್ಲಿ. ಇಗರ್ಜಿಯಲ್ಲಿ ದೊರೆತ ಆಸನ ರೈಲಿನಲ್ಲಿ ದೊರೆಯಲಿಲ್ಲ. ಬೆಲೆ ತೆತ್ತವನು ಫಲವನ್ನು ಕಾಣಲಿಲ್ಲ.

ಇಗರ್ಜಿಯ ಹೊರಗೋಡೆಯ ಬದಿಯಲ್ಲಿ 2004ರಲ್ಲಿ 'ಅಜ್ಞಾತ ಗುಲಾಮನ ಸಮಾಧಿ' ಎಂಬ ಸ್ಮಾರಕವನ್ನು ನಿಲ್ಲಿಸಲಾಯಿತು. ಹಡಗಿನ ದಪ್ಪ ಸರಪಳಿಯಿಂದ ಮಾಡಿದ ಶಿಲುಬೆ, ಅದರಿಂದ ಜೋತುಬಿದ್ದ ಕೈಕೋಳಗಳು. ಅದರ ಎದುರು ನಿಂತವರಿಗೆ ಬೇರೆ ಪ್ರಸಂಗ ಬೇಕಾಗಿಲ್ಲ.

ಕಳೆದುಕೊಂಡದ್ದು, ಉಳಿಸಿಕೊಂಡದ್ದು

ಹಬ್ಬದ ಸಡಗರವನ್ನು ಮಾತ್ರ ಕಂಡವರಿಗೆ ಟ್ರೆಮೆ ಕಳೆದುಕೊಂಡದ್ದು ಕಾಣಿಸುವುದಿಲ್ಲ. ಅಲ್ಲಿಯ ಕ್ಲೇಬೋರ್ನ್ ಬೀದಿಯ ನಡುವೆ ಓಕ್ ಮರಗಳ ಉದ್ದನೆಯ ಸಾಲಿತ್ತು. ಕುಟುಂಬಗಳು ಅದರ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದವು. ಇಕ್ಕೆಲಗಳಲ್ಲಿ ಕರಿಯರ ಅಂಗಡಿಗಳಿದ್ದವು. 1966ರಲ್ಲಿ ಮೇಲ್ಸೇತುವೆಯ ಹೆದ್ದಾರಿಗಾಗಿ ಆ ಮರಗಳನ್ನು ಕಡಿದುಹಾಕಲಾಯಿತು. ಇಂದು ಉದ್ಯಾನವಿರುವ ನೆಲದಲ್ಲಿಯೂ ಹಿಂದೆ ಮನೆಗಳಿದ್ದವು. ಸಾಂಸ್ಕೃತಿಕ ಕೇಂದ್ರದ ಯೋಜನೆಯ ಹೆಸರಿನಲ್ಲಿ ಅವನ್ನು ಕೆಡವಿ ಜನರನ್ನು ಎಬ್ಬಿಸಲಾಯಿತು. ಹಬ್ಬದ ಹಸಿರು ಹುಲ್ಲಿನ ಕೆಳಗೆ ಯಾರದೋ ಅಡುಗೆಮನೆಯ ನೆಲಗಟ್ಟಿತ್ತು ಎಂದರೆ ಅತಿಶಯೋಕ್ತಿಯಲ್ಲ.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತವು ನಗರವನ್ನು ಮುಳುಗಿಸಿತು. ಚದುರಿಹೋದ ಬಡವರಲ್ಲಿ ಅನೇಕರು ಮರಳಿ ಬರಲಾರದೆ ಹೋದರು. 2006ರ ಆರಂಭದಲ್ಲಿ ಮಹಾಧರ್ಮಪ್ರಾಂತ್ಯವು ಸದಸ್ಯರ ಕೊರತೆ ಹಾಗೂ ಹಣದ ಅಭಾವದ ಕಾರಣದಿಂದ ಸಂತ ಆಗಸ್ಟೀನರ ಧರ್ಮಕೇಂದ್ರವನ್ನು ನೆರೆಯ ಧರ್ಮಕೇಂದ್ರದೊಡನೆ ವಿಲೀನಗೊಳಿಸಲು ನಿರ್ಧರಿಸಿತು. ಅಧಿಕಾರಿಗಳ ಮುಂದೆ ಇಡೀ ನಗರದ ಹಾಳಾದ ಇಗರ್ಜಿಗಳ ಲೆಕ್ಕವಿತ್ತು. ಭಕ್ತರ ಮುಂದೆ ತಮ್ಮ ಅಜ್ಜಂದಿರು ಕೊಂಡ ಆಸನಗಳಿದ್ದವು. ಪ್ರತಿಭಟನೆಗಳು ನಡೆದವು, ಕೆಲವರು ಗುರುಮಂದಿರದೊಳಗೆ ಸೇರಿ ಬಾಗಿಲು ಹಾಕಿಕೊಂಡರು. ಕೊನೆಗೆ ಆ ಏಪ್ರಿಲಿನಲ್ಲಿ ಎರಡು ಕಡೆಯವರೂ ಮಾತುಕತೆಗೆ ಕುಳಿತು, 18 ತಿಂಗಳ ಅವಧಿಯಲ್ಲಿ ಧರ್ಮಕೇಂದ್ರವು ತನ್ನ ಕಾಲ ಮೇಲೆ ನಿಂತು ತೋರಿಸಬೇಕೆಂದು ಒಪ್ಪಂದಕ್ಕೆ ಬಂದರು. ಭಕ್ತರು ನಿಂತು ತೋರಿಸಿದರು. 2009ರಲ್ಲಿ ಆ ಪರೀಕ್ಷೆ ಮುಗಿದು ಧರ್ಮಕೇಂದ್ರವು ಉಳಿಯಿತು. ಜಗಳವಾಡಿದರೂ ಮನೆ ಬಿಟ್ಟು ಹೋಗದ ಮಕ್ಕಳ ಈ ಕಥೆ ಎರಡು ಕಡೆಯವರಿಗೂ ಗೌರವ ತರುವಂತಹುದು.

ಬೀದಿಯ ಹಾಡು

ಟ್ರೆಮೆಯ ಬ್ಯಾಂಡುಗಳು ವೇದಿಕೆಗಾಗಿ ಹುಟ್ಟಿದವುಗಳಲ್ಲ. ಬಡವರು ತಿಂಗಳಿಗಿಷ್ಟು ಎಂದು ಕೂಡಿಟ್ಟು ಕಟ್ಟಿದ ಪರಸ್ಪರ ಸಹಾಯ ಸಂಘಗಳು ಸದಸ್ಯನ ಕಾಯಿಲೆಗೆ ಔಷಧವನ್ನೂ, ತೀರಿಕೊಂಡಾಗ ಗೌರವದ ಶವಸಂಸ್ಕಾರವನ್ನೂ ಒದಗಿಸುತ್ತಿದ್ದವು. ಸ್ಮಶಾನಕ್ಕೆ ಹೋಗುವಾಗ ಬ್ಯಾಂಡು ನಿಧಾನವಾಗಿ ಶೋಕಗೀತೆ ನುಡಿಸುತ್ತದೆ. ದೇಹವನ್ನು ಬೀಳ್ಕೊಟ್ಟ ಮೇಲೆ ಪುನರುತ್ಥಾನದ ನಂಬಿಕೆ ಕಾಲಿಗಿಳಿದಂತೆ ಹರ್ಷದ ಲಯ ಆರಂಭವಾಗುತ್ತದೆ. ಕೇರಿಯ ಜನರು ಯಾರ ಕರೆಗೂ ಕಾಯದೆ ಹಿಂದೆ ಸೇರಿಕೊಂಡು ಕುಣಿಯುತ್ತಾರೆ. ಮಣಿ ಪೋಣಿಸುವ ಕಲೆಯೂ ಹೀಗೆಯೇ. ಅಲ್ಲಿಯ ಕರಿಯರ ಕೆಲವು ತಂಡಗಳು ವರ್ಷವಿಡೀ ರಾತ್ರಿ ಕುಳಿತು ಮಣಿಗಳನ್ನೂ ಗರಿಗಳನ್ನೂ ಹೊಲಿದು ಅದ್ಭುತವಾದ ಉಡುಪುಗಳನ್ನು ತಯಾರಿಸುತ್ತವೆ. ತಪಸ್ಸುಕಾಲದ ಮುನ್ನಾದಿನವೂ ಸಂತ ಜೋಸೆಫರ ಹಬ್ಬದ ರಾತ್ರಿಯೂ ಅವನ್ನು ಧರಿಸಿ ಬೀದಿಗಿಳಿಯುತ್ತವೆ. ಇಂತಹ ತಂಡವೊಂದರ ಹಿರಿಯ ನಾಯಕ ಆಲಿಸನ್ ಮೊಂಟಾನಾ 2005ರ ಜೂನ್ ತಿಂಗಳಲ್ಲಿ ನಗರಸಭೆಯ ಮುಂದೆ ನಿಂತು, ಸಂತ ಜೋಸೆಫರ ರಾತ್ರಿ ಪೊಲೀಸರು ತಮ್ಮವರನ್ನು ನಡೆಸಿಕೊಂಡ ಬಗೆಯನ್ನು ವಿವರಿಸುತ್ತಿರುವಾಗಲೇ ಕುಸಿದು ಪ್ರಾಣಬಿಟ್ಟರು. ಅವರ ಪ್ರತಿಮೆ ಇಂದು ಅದೇ ಉದ್ಯಾನದಲ್ಲಿದೆ.

2007ರ ಅಕ್ಟೋಬರಿನಲ್ಲಿ, ತೀರಿಕೊಂಡ ವಾದ್ಯಗಾರನೊಬ್ಬನ ನೆನಪಿಗಾಗಿ ಟ್ರೆಮೆಯ ಬೀದಿಯಲ್ಲಿ ಭಕ್ತಿಗೀತೆ ನುಡಿಸುತ್ತಿದ್ದ ಮೆರವಣಿಗೆಯನ್ನು ಪೊಲೀಸರು ತಡೆದು ಇಬ್ಬರು ಸಂಗೀತಗಾರರನ್ನು ಬಂಧಿಸಿದರು. ಅನುಮತಿ ಪತ್ರವಿಲ್ಲ, ಶಾಂತಿಗೆ ಭಂಗ ಎಂಬುದು ಆರೋಪ. ಮರುವರ್ಷವೇ ಅದೇ ಕೇರಿಯಲ್ಲಿ ಗುಂಬೊ ಹಬ್ಬ ಆರಂಭವಾಯಿತು. ಅದೇ ಬಗೆಯ ಸಂಗೀತಕ್ಕೆ ಜನರು ಚಪ್ಪಾಳೆ ತಟ್ಟಿದರು. ಹಬ್ಬದ ದಿನ ಕೊಂಡಾಡಿದ ಹಾಡನ್ನು ಉಳಿದ ದಿನ ಗದ್ದಲವೆಂದರೆ, ಹಾಡಿನ ಒಡೆಯರು ಎಲ್ಲಿಗೆ ಹೋಗಬೇಕು? ಹಳೆಯ ಮನೆಗಳ ಬಾಡಿಗೆ ಏರಿ, ಹುಟ್ಟಿದವರೇ ಕೇರಿಯನ್ನು ಬಿಡಬೇಕಾಗಿ ಬಂದರೆ ಗುಂಬೊ ಬೇಯಿಸುವವರು ಯಾರು? ಉಚಿತ ಹಬ್ಬವೊಂದು ಈ ಪ್ರಶ್ನೆಗಳಿಗೆ ಉತ್ತರವಾಗಲಾರದು. ಆದರೆ ಕೇರಿಯ ಜನರು ಕಾಸಿಲ್ಲದಿದ್ದರೂ ತಮ್ಮ ಹಬ್ಬಕ್ಕೆ ತಾವೇ ಹೊರಗಿನವರಾಗದಂತೆ ಅದು ನೋಡಿಕೊಂಡಿತು. ಅಡುಗೆಯ ಹಣ ಅಡುಗೆ ಮಾಡಿದವರ ಕೈಸೇರುವಂತೆಯೂ ಮಾಡಿತು. ಇದು ಸಣ್ಣ ಸಂಗತಿಯೇನಲ್ಲ.

ನಮ್ಮ ಇಗರ್ಜಿಗಳ ಹಳೆಯ ಬೆಂಚುಗಳ ಮೇಲೆ ದಾನಿಗಳ ಹೆಸರುಗಳನ್ನು ನಾವು ಓದುತ್ತೇವೆ. ದಕ್ಷಿಣ ಭಾರತದ ಕೆಲವು ಇಗರ್ಜಿಗಳಲ್ಲಿ ಜಾತಿಯ ಹೆಸರಿನಲ್ಲಿ ಬಡವರನ್ನು ಬೇರೆಯಾಗಿ ಕೂರಿಸಿದ ದಿನಗಳಿದ್ದವೆಂಬುದೂ ನಮಗೆ ಗೊತ್ತು. ಟ್ರೆಮೆಯ ಸ್ವತಂತ್ರ ಕರಿಯರು ತಮಗೆ ಬೇಕಾದಷ್ಟು ಆಸನಗಳನ್ನು ಕೊಂಡು ಸುಮ್ಮನಿರಬಹುದಾಗಿತ್ತು. ತಾವು ಗುಲಾಮರಲ್ಲವೆಂದು ಬೀಗಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮುಂದಿನ ವಾರ್ಷಿಕ ಹಬ್ಬದಂದು ಇಗರ್ಜಿಯ ಅಂಗಳಕ್ಕೆ ಮಕ್ಕಳ ಕೈಹಿಡಿದು ಕರೆದೊಯ್ಯುವಾಗ, ನಾವು ಕೂರುವ ಬೆಂಚನ್ನು ಯಾರು ಕೊಟ್ಟರು ಎಂದು ಅವರಿಗೆ ಹೇಳೋಣ. ಯಾರಿಗೆ ಇನ್ನೂ ಜಾಗ ಸಿಕ್ಕಿಲ್ಲ ಎಂದು ನಾವೂ ಒಮ್ಮೆ ತಿರುಗಿ ನೋಡೋಣ.